ಒಂಬತ್ತೂವರೆ ಗುಣದ ಪ್ರಿಂಟು

ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವುದು ಏನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ಅಪ್ಪನ ಕಾಲದಲ್ಲಿ ಜೋಯಿಸರ ಮನೆಯಾದ ನಮ್ಮಲ್ಲಿ ಜಾತಕಗಳೆಲ್ಲ ಪಂಚಾಂಗ ಮತ್ತು ಪಾಟಿ ಬಳಪದ ಮೇಲೆ ನಡೆಯುತ್ತಿದ್ದವು. ಅವನ್ನು ಕಂಪ್ಯೂಟರಿಗೆ ತಂದವನು ನಾನು. ನರಗುಂದದ ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ "ಕಂಪ್ಯೂಟರ್ ಜೋಶ್ಯಾರ ಮನಿ" ಎಂದರೆ ಯಾರಾದರೂ ಬೆರಳು ಮಾಡಿ ತೋರಿಸುತ್ತಾರೆ. ಹಳೆಯ ಸಿಸ್ಟಮ್ಮಿಗೆ ಇನ್ನು ರಕ್ಷಣೆ ಇಲ್ಲ, ಹೊಸದಕ್ಕೆ ಬನ್ನಿ ಎಂದು ಪರದೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕರೆ ಬರುತ್ತಿತ್ತು. ಒಂದು ಬುಧವಾರ ಒಳ್ಳೆಯ ಮುಹೂರ್ತ ನೋಡಿ ಒತ್ತಿಯೇಬಿಟ್ಟೆ. ಅದು ಏನೇನೋ ಕೇಳಿತು. ಕೇಳಿದ್ದಕ್ಕೆಲ್ಲ ಓದದೆ, ಉದಾರ ಮನಸ್ಸಿನಿಂದ 'ಒಪ್ಪಿಗೆ' ಕೊಟ್ಟೆ. ಸಂಜೆಯ ಹೊತ್ತಿಗೆ ಪರದೆ ಹೊಸ ಮದುಮಗನಂತೆ ಹೊಳೆಯುತ್ತಿತ್ತು!

"ರೀ, ಗುರುನಾಥಗ ಒಂದ ಮಾತ ಕೇಳಬೇಕಿತ್ತಲ್ಲ?" ಎಂದಳು ಹೆಂಡತಿ ಸಿಂಧು. ಗುರುನಾಥ ಅವಳ ತಂಗಿಯ ಗಂಡ. ರೋಣದಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ.

"ನವಗ್ರಹಾ ತಿಳದಾಂವಗ ಇದ ತಿಳ್ಯಾಂಗಿಲ್ಲೇನ?" ಎಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಎರಡು ಮನೆಯವರು ಒಟ್ಟಿಗೇ ಬಂದರು. ಹುಡುಗಿಯ ತಂದೆ ಕೊಣ್ಣೂರಿನ ವೀರಣ್ಣ, ಹುಡುಗನ ತಾಯಿ ಗಜೇಂದ್ರಗಡದ ಶಾಂತವ್ವ. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು. ಗುಣ ಕೂಡಿ ಬಂದರೆ ನಮ್ಮ ಪಡಸಾಲೆಯಲ್ಲೇ ಸಕ್ಕರೆ ಹಂಚಿ ಮಾತು ಮುಗಿಸುವ ಆಲೋಚನೆ ಅವರದು. ವೀರಣ್ಣನವರ ಕೈಚೀಲದಲ್ಲಿ ಸಕ್ಕರೆಯೂ ಇತ್ತು.

"ಐದ ನಿಮಿಷ ಕೂಡ್ರಿ," ಎಂದೆ.

ಜಾತಕದ ಸಾಫ್ಟ್‌ವೇರ್ ಮೇಲೆ ಕ್ಲಿಕ್ ಮಾಡಿದೆ. ನೀಲಿ ಉಂಗುರವೊಂದು ತಿರುಗಿತು. ತಿರುಗುತ್ತಲೇ ಇತ್ತು. ಕಾಲು ತಾಸಿನ ಮೇಲೆ ಅದು ತೆರೆದುಕೊಂಡಿತಾದರೂ, ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ಒಬ್ಬ ಮನುಷ್ಯ ಸಾವಕಾಶ ಆಕಳಿಸಿ ಮುಗಿಸಬಹುದಿತ್ತು. ಹುಡುಗಿಯ ಹೆಸರು ಅಶ್ವಿನಿ. ಅಕ್ಷರ ಬರಲಿಲ್ಲವೆಂದು ಮತ್ತೆ ಮತ್ತೆ ಒತ್ತಿದೆ. ಕೊನೆಗೆ 'ಅಅಅಅಶ್ವಿನಿನಿನಿ' ಎಂದು ಕಂಪ್ಯೂಟರ್ ತೊದಲಿತು. ಅದನ್ನು ಅಳಿಸಿ ಸರಿಮಾಡಿ, ಪ್ರಿಂಟ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಒಟ್ಟು ಏಳು ಸಲ ಒತ್ತಿದೆ.

ಸಿಂಧು ಹಚ್ಚಿದ ಅವಲಕ್ಕಿ ತಂದಿಟ್ಟಳು. ಅದೂ ಖಾಲಿಯಾಯಿತು.

"ಏನ್ರಿ ಜೋಶ್ಯಾರ, ಹುಡುಗೀ ಗ್ರಹ ಅಷ್ಟ ಬಿಗಿ ಅದಾವೇನ್ರಿ?" ಶಾಂತವ್ವ ಕೇಳಿದರು.

"ಛೇ ಛೇ, ಮಷಿನ್ ಸ್ವಲ್ಪ..."

"ನಮ್ಮ ದೊಡ್ಡ ಮಗಂದು ನೋಡಿದಾಗ ಚಿಟಿಕಿ ಹೊಡ್ಯೂದ್ರಾಗ ಬಂದಿತ್ತಲ್ರಿ?"

ವೀರಣ್ಣನವರ ಮುಖ ಸಣ್ಣದಾಯಿತು. ಅವರು ಚೀಲದ ಹಿಡಿಕೆಯನ್ನು ತಿರುವತೊಡಗಿದರು. ನಿಧಾನವಾಗಿದ್ದು ನನ್ನ ಕಂಪ್ಯೂಟರು, ಕುಂದು ಬರುತ್ತಿದ್ದುದು ಯಾರದೋ ಮಗಳಿಗೆ!

ನೀರು ಕುಡಿಯುವ ನೆಪ ಮಾಡಿ ಹಿತ್ತಲಿಗೆ ಹೋಗಿ ಗುರುನಾಥನಿಗೆ ಫೋನ್ ಹಚ್ಚಿದೆ.

"ಶೇಷಣ್ಣಾ, ಹೊಸಾ ಸಿಸ್ಟಮ್ ಹಾಕೂ ಮುಂದ ಏನೇನಕ್ಕ ಹೂಂ ಅಂದೀರಿ?"

"ಎಲ್ಲಾದಕ್ಕೂ."

ಅತ್ತ ಕಡೆ ಒಂದು ದೀರ್ಘ ಉಸಿರು. "ಅದು ನಿಮ್ಮ ಫೋಟೊ, ವಿಡಿಯೋ ಎಲ್ಲಾ ಇಂಟರ್ನೆಟ್ಟಿನ್ಯಾಗ ಮ್ಯಾಲೆ ಕಳಸಲಿಕ್ಕೆ ಹತ್ತಿರಬೇಕು. ಮಗನ ಮುಂಜಿ ವಿಡಿಯೋ ಇತ್ತಲ್ಲ, ನಾಕ ತಾಸಿಂದು? ಅದಕ್ಕ ಮಷಿನ್ ದಣದದ. ಮದಲ ಇಂಟರ್ನೆಟ್ ವೈರ್ ಕೀಳ್ರಿ."

ಒಳಗೆ ಬಂದೆ. ಮೇಜಿನ ಕೆಳಗೆ ತೂರಿಕೊಂಡೆ. ಅಲ್ಲಿ ಐದು ವೈರುಗಳಿದ್ದವು. ಐದೂ ಕರಿಯವು. ಧೈರ್ಯ ಮಾಡಿ ಒಂದನ್ನು ಎಳೆದೆ.

ಕಂಪ್ಯೂಟರೇ ಆರಿತು!

"ಅಯ್ಯ ಶಿವನ, ಕತ್ತಲಾತಲ್ರಿ!" ಎಂದರು ಶಾಂತವ್ವ. ಮೇಜಿನ ಕೆಳಗಿನಿಂದ ನನಗೆ ಅವರೆಲ್ಲರ ಕಾಲುಗಳಷ್ಟೇ ಕಾಣುತ್ತಿದ್ದವು. ವೀರಣ್ಣನವರ ಕಾಲು ಬಾಗಿಲ ಕಡೆ ತಿರುಗಿದ್ದವು.

ವೈರು ಸಿಕ್ಕಿಸಿ ಮತ್ತೆ ಚಾಲೂ ಮಾಡಿದೆ. 'ನವೀಕರಣ ನಡೆದಿದೆ, ದಯವಿಟ್ಟು ಆರಿಸಬೇಡಿ' ಎಂದು ಬಂತು. ಮೂವತ್ತು ಪ್ರತಿಶತ. ಮೂವತ್ತೊಂದು. ಪಡಸಾಲೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಆ ಅಂಕಿಗಳನ್ನು ನೋಡುತ್ತಿದ್ದರು. ಅದನ್ನೇ ಹುಡುಗಿಯ ಗುಣವೆಂದು ತಿಳಿದ ಶಾಂತವ್ವ, ಮೂವತ್ತಾರು ದಾಟಿದ ಕೂಡಲೇ "ಇದೇನ್ರಿ, ಗುಣ ಇರೂದ ಮೂವತ್ತಾರಲ್ಲೇನ?" ಎಂದರು.

ನೂರು ಮುಟ್ಟಿ ಪರದೆ ಬೆಳಗಿತೋ ಇಲ್ಲವೋ, ಪ್ರಿಂಟರ್ ತಾನಾಗಿಯೇ ಗರ್ರೆಂದು ಒಂದು ಹಾಳೆ ಉಗುಳಿತು. ಹೋದ ಜೀವ ಬಂತು! ಹಾಳೆ ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ಫಲಭಾಗವನ್ನೇ ಓದಿದೆ:

"ಮೂವತ್ತಾರರಲ್ಲಿ ಒಂಬತ್ತೂವರೆ ಗುಣ. ಈ ವಿವಾಹ ಸರ್ವಥಾ ವರ್ಜ್ಯ. ವರನ ಹಠದಿಂದ ವಧುವಿಗೆ ನಿತ್ಯ ಕ್ಲೇಶ. ವರನು ತನಗೆ ತಿಳಿಯದ ಕೆಲಸಕ್ಕೆ ಕೈಹಾಕಿ..."

ಓದುವ ರಭಸದಲ್ಲಿ ತಲೆ ಎತ್ತಲಿಲ್ಲ. ಎತ್ತಿದಾಗ ವೀರಣ್ಣ ಎದ್ದು ನಿಂತಿದ್ದರು. ಕಣ್ಣಲ್ಲಿ ನೀರು.

"ಆತು ಬಿಡ್ರಿ. ಆಕೀ ದೈವ," ಎಂದು ಚೀಲ ಎತ್ತಿಕೊಂಡರು.

"ರೀ," ನನ್ನ ಬೆನ್ನ ಹಿಂದೆ ನಿಂತಿದ್ದ ಸಿಂಧು ಮೆಲ್ಲಗೆ ಹೇಳಿದಳು, "ಮ್ಯಾಲಿನ ಹೆಸರ ಓದ್ರಿ."

ಓದಿದೆ. ವರ: ಶೇಷಗಿರಿ. ವಧು: ಸಿಂಧು.

ಹಿಂದಿನ ದಿನ ಹೊಸ ಸಿಸ್ಟಮ್ ಹಾಕಿದ ಮೇಲೆ ಪರೀಕ್ಷೆಗೆಂದು ನಮ್ಮಿಬ್ಬರದೇ ಜಾತಕ ಹಾಕಿ ಪ್ರಿಂಟ್ ಒತ್ತಿದ್ದೆ. ಬಂದಿರಲಿಲ್ಲ. ಮರೆತಿದ್ದೆ. ಕಂಪ್ಯೂಟರ್ ಮರೆತಿರಲಿಲ್ಲ!

"ವೀರಣ್ಣಾರ, ಕೂಡ್ರಿ ಕೂಡ್ರಿ! ಇದು ನಮ್ಮದು!" ಎಂದು ಕೂಗಿದೆ.

ಶಾಂತವ್ವ ನನ್ನನ್ನು ಬಿಟ್ಟು ಸಿಂಧುವಿನ ಕಡೆ ತಿರುಗಿದರು. "ಎಷ್ಟ ವರ್ಷ ಆತ್ರಿ ಅಕ್ಕಾರ, ಮದುವಿ ಆಗಿ?"

"ಇಪ್ಪತ್ತಾರು."

"ಜಗಳಾ?"

"ದಿನಾ ಅದ ಅಲ್ರಿ."

"ಮುನಿಸ್ಕೊಂಡ ತವರಮನಿಗೆ ಹೋಗೀರೇನ?"

"ಹೋಗಿದ್ದೆ ಒಮ್ಮೆ. ಇವರೂ ಬೆನ್ನ ಹಿಂದನ ಬಂದು ಎಂಟ ದಿನಾ ಅಲ್ಲೇ ಉಂಡ್ರು. ನಮ್ಮವ್ವನ ಬ್ಯಾಸತ್ತು ಇಬ್ಬರನ್ನೂ ಕಳಿಸಿದಳು."

ಶಾಂತವ್ವ ನಗತೊಡಗಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ವೀರಣ್ಣ, ಸಕ್ಕರಿ ತಗೀರಿ," ಎಂದರು. "ಒಂಬತ್ತೂವರಿಯಾಗ ಇವರು ಇಷ್ಟ ವರ್ಷ ಬಾಳೇವ ಮಾಡ್ಯಾರ. ನಮ್ಮ ಹುಡುಗರಿಗೆ ಏನಾಗೈತಿ?"

ಸಕ್ಕರೆ ಹಂಚಿ ಮುಗಿಯುವ ಹೊತ್ತಿಗೆ ಹುಡುಗ ಹುಡುಗಿಯ ಪ್ರಿಂಟು ಬಂತು. ಇಪ್ಪತ್ತಾರು ಗುಣ. ಏಳು ಪ್ರತಿ. ಯಾರೂ ಕೇಳಲಿಲ್ಲ.

ಅವರು ಹೋದ ಮೇಲೆ ನನ್ನ ನಿಜವಾದ ಭಯ ಶುರುವಾಯಿತು. ನಮ್ಮ ಮದುವೆಗೆ ಗುಣ ನೋಡಿದವರು ಅಪ್ಪ. ಇಪ್ಪತ್ತೇಳು ಎಂದಿದ್ದರು. ಅಂದರೆ ಅಪ್ಪ ತಪ್ಪಿದ್ದರೋ, ಸಾಫ್ಟ್‌ವೇರೋ? ಸಾಫ್ಟ್‌ವೇರ್ ತಪ್ಪಿದ್ದರೆ ನಾನು ಇಷ್ಟು ವರ್ಷ ಕೂಡಿಸಿದ ಜೋಡಿಗಳ ಗತಿ ಏನು? ಇಡೀ ತಾಲೂಕಿನ ಗಂಡಹೆಂಡಿರು ಸಾಲಾಗಿ ನನ್ನ ಬಾಗಿಲಿಗೆ ಬಂದಂತೆ ಕಾಣತೊಡಗಿತು.

ಸಿಂಧು ಚಶ್ಮಾ ಹಾಕಿಕೊಂಡು ಆ ಹಾಳೆ ಓದುತ್ತ ಕೂತಿದ್ದಳು.

"ರೀ, ನಾ ಹುಟ್ಟಿದ್ದು ಯಾವಾಗ?"

"ಅದರಾಗ ಬರದದಲ್ಲ."

"ಇಸವಿ ನಂದು. ತಾರೀಖು ನನ್ನ ತಂಗೀದು."

ಗುರುನಾಥ ಪ್ರತಿ ವರ್ಷ ಆ ದಿನ ಹೆಂಡತಿಗೆ ಕೇಕು ತಿನ್ನಿಸುವ ಫೋಟೊ ಕಳಿಸುತ್ತಾನೆ. ಅದೇ ತಾರೀಖು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕಂಡವರ ಮಕ್ಕಳ ಜನ್ಮನಕ್ಷತ್ರವನ್ನೆಲ್ಲ ಬಾಯಿಪಾಠ ಹೇಳುವ ನಾನು ಬಾಯಿ ಮುಚ್ಚಿಕೊಂಡು ಸರಿಯಾದ ತಾರೀಖು ಹಾಕಿದೆ. ಮುಂಜಿಯ ವಿಡಿಯೋ ಕಳಿಸುವುದು ನಿಂತಿತ್ತೇನೋ, ಈ ಸಲ ಚಿಟಿಕೆ ಹೊಡೆಯುವಷ್ಟರಲ್ಲಿ ಬಂತು.

"ಇಪ್ಪತ್ತೇಳು!" ಎಂದು ಕುಣಿದೆ. "ಅಪ್ಪಾನೂ ಖರೇ, ಕಂಪ್ಯೂಟರೂ ಖರೇ!"

"ಇರಲಿ," ಎಂದಳು ಸಿಂಧು. "ನನಗ ಆ ಒಂಬತ್ತೂವರೀದ ಇರಲಿ. ಫಲಾ ಅದರಾಗ ಚಲೋ ಬರದಾರ."

ಅದನ್ನು ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದಾಳೆ. 'ತನಗೆ ತಿಳಿಯದ ಕೆಲಸಕ್ಕೆ ಕೈಹಾಕಿ' ಎಂಬಲ್ಲಿ ಕೆಂಪು ಗೆರೆ ಎಳೆದಿದ್ದಾಳೆ.