ಸೈಕಲ್ ಸುಧಾರಣೆಯ ಐದು ದಿನ

"ಭಾನುವಾರದೊಳಗೆ ಈ ಸೈಕಲ್ಲನ್ನು ಬಾಣ ಮಾಡದಿದ್ದರೆ ನನ್ನ ಹೆಸರು ಬದಲಾಯಿಸಿ!"

ಹೀಗೆಂದು ನಾನು ಗುಡುಗಿದ್ದು ಬುಧವಾರ ಬೆಳಿಗ್ಗೆ, ನಮ್ಮ ನಡುಮನೆಯಲ್ಲಿ, ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಮೇಲೆತ್ತಿ. ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ನನ್ನ ಅತ್ತೆ, ಕಿಟಕಿ ಪಕ್ಕ ಕೂತು ಪತ್ರಿಕೆ ಓದುತ್ತಿದ್ದರು. ಇನ್ನೊಬ್ಬಳು ನನ್ನ ಹೆಂಡತಿ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು.

"ಹೆಸರು ಬದಲಾಯಿಸೋದು ಬೇಡ ರೀ, ಟೈರ್ ಬದಲಾಯಿಸಿ ಸಾಕು. ಬೇರೆ ಏನನ್ನೂ ಮುಟ್ಟಬೇಡಿ," ಎಂದಳು.

ಇಷ್ಟು ಸ್ಪಷ್ಟವಾದ ಕನ್ನಡವನ್ನು ಅರ್ಥ ಮಾಡಿಕೊಳ್ಳಲಾಗದ ಗಂಡಸು ಜಗತ್ತಿನಲ್ಲಿ ಒಬ್ಬನೇ. ಅವನೇ ಈಗ ನಿಮ್ಮ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದಾನೆ.

ನನ್ನ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ. ಎಂಥ ಅಡಗಿಕೊಂಡ ನರವಾದರೂ ಅವಳ ಬೆರಳಿಗೆ ಸಿಕ್ಕಿಬಿಡುತ್ತದೆ. ಎರಡು ವರ್ಷದ ಹಿಂದೆ ಕೆಲಸಕ್ಕೆ ಹೋಗಿಬರಲೆಂದು ಒಂದು ರೇಸ್ ಸೈಕಲ್ ಕೊಂಡಳು. ರೇಸ್ ಸೈಕಲ್ಲುಗಳ ಪೈಕಿ ಇನ್ನೂ ಒಂದನೇ ತರಗತಿ ಓದುತ್ತಿರುವಂಥದ್ದು, ಬಾಗಿದ ಹ್ಯಾಂಡಲ್ಲೊಂದನ್ನು ಬಿಟ್ಟರೆ ಬೇರೆ ಯಾವ ಜಂಬವೂ ಇಲ್ಲದ್ದು. ನಲವತ್ತಮೂರನೇ ವಯಸ್ಸಿನಲ್ಲಿ ಈಜು ಕಲಿತಳು. ಆಮೇಲೆ ಓಡತೊಡಗಿದಳು. ಕೊನೆಗೊಂದು ದಿನ ಊಟದ ಮಧ್ಯೆ, ಉಪ್ಪು ಕೊಡಿ ಅನ್ನುವಷ್ಟೇ ಸಹಜವಾಗಿ, "ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೀನಿ," ಎಂದಳು. ಮುಕ್ಕಾಲು ಕಿಲೋಮೀಟರು ಕೆರೆಯಲ್ಲಿ ಈಜಬೇಕು, ಎದ್ದು ಇಪ್ಪತ್ತು ಕಿಲೋಮೀಟರು ಸೈಕಲ್ ತುಳಿಯಬೇಕು, ಇಳಿದು ಐದು ಕಿಲೋಮೀಟರು ಓಡಬೇಕು. ನಡುವೆ ಎಲ್ಲೂ ಕುರ್ಚಿ ಇಲ್ಲ! ಆ ಸ್ಪರ್ಧೆಯೇ ಭಾನುವಾರ ಇದ್ದದ್ದು. ನಾನಾದರೋ ಬಸ್ಸು ಹಿಡಿಯಲು ಓಡಿದ ದಿನ ರಜೆ ಹಾಕುವವನು. ಅವಳನ್ನು ನೋಡಿ ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿಗಳು ಮೊದಲ ಬಾರಿಗೆ ಹೊಟ್ಟೆಯಿಂದಲ್ಲದೆ ಎದೆಯಿಂದ ಕಷ್ಟಪಟ್ಟವು.

ಆದರೆ ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪಿಗೆ ಕೆಂಪು ಶಾಯಿ ಹಾಕಿದವನಿಗೆ ಕಂಡದ್ದನ್ನೆಲ್ಲ ತಿದ್ದುವ ಕಾಯಿಲೆ ಅಂಟಿರುತ್ತದೆ. ಅವಳ ಸೈಕಲ್ಲು ನನ್ನ ಕಣ್ಣಿಗೆ ಸೈಕಲ್ಲಾಗಿ ಕಾಣಲಿಲ್ಲ, ತಪ್ಪುಗಳೇ ತುಂಬಿದ ಮೊದಲ ಕರಡಾಗಿ ಕಂಡಿತು. ಒಂದು ವಾರ ವಿಡಿಯೋ ನೋಡಿದೆ. ಗುಟ್ಟಾಗಿ ಸಾಮಾನು ತರಿಸಿದೆ. ತೆಳ್ಳನೆಯ ಟೈರು, ಮೊಣಕೈ ಊರಿ ಗಾಳಿಯನ್ನು ಸೀಳಲು ಮುಂದಕ್ಕೆ ಚಾಚುವ ಕೊಂಬಿನ ಹ್ಯಾಂಡಲ್ಲು, ಪಾದವನ್ನು ಕಚ್ಚಿ ಹಿಡಿಯುವ ಪೆಡಲ್ಲು, ಅದಕ್ಕೆ ಸರಿಹೊಂದುವ ಬೂಟು. ಆಫೀಸಿಗೆ ಮೂರು ದಿನ ರಜೆ ಬರೆದೆ. ಕಾರಣ: "ಕೌಟುಂಬಿಕ ಪ್ರಗತಿ."

ಹೆಂಡತಿ ಅವತ್ತು ಬಸ್ಸಿನಲ್ಲಿ ಹೊರಟಳು. ನಾನು ನಡುಮನೆಯಲ್ಲಿ ಹಳೆಯ ಚಾಪೆ ಹಾಸಿ ಸೈಕಲ್ಲನ್ನು ಮಲಗಿಸಿದೆ.

ಮೊದಲು ತೂಕ ಇಳಿಸಬೇಕಿತ್ತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತೂಕದ ಯಂತ್ರದ ಮೇಲೆ ನಿಂತೆ. ಮುಳ್ಳು ಬೆಚ್ಚಿಬಿದ್ದು ಕೊನೆಯವರೆಗೆ ಓಡಿತು.

"ಅಳಿಯಂದ್ರೇ, ಇಳಿಸಬೇಕಾದ ತೂಕ ಸೈಕಲ್ಲಿಂದೇನಾ?" ಎಂದರು ಅತ್ತೆ, ಪತ್ರಿಕೆಯಿಂದ ತಲೆ ಎತ್ತದೆ.

ನಾನು ಕೇಳಿಸದವನಂತೆ ಬೆಲ್ಲು ಕಳಚಿದೆ, ಸ್ಟ್ಯಾಂಡು ಕಳಚಿದೆ, ಕೆಂಪು ದೀಪ ಕಳಚಿದೆ. ಟೈರು ಬಿಚ್ಚಿದಾಗ ಚಕ್ರದ ಬಳೆಯ ಒಳಸುತ್ತಿಗೆ ಒಂದು ಬಟ್ಟೆಯ ಪಟ್ಟಿ ಅಂಟಿಸಿದ್ದು ಕಂಡಿತು. ಯಾರಿಗೂ ಕಾಣದ ಜಾಗದಲ್ಲಿ ಅಲಂಕಾರ ಯಾಕೆ? ಅನಗತ್ಯ ಪದ! ಮುಂದಿನ ಚಕ್ರದ ಪಟ್ಟಿಯನ್ನು ಸರ್ರನೆ ಕಿತ್ತು ಬಿಸಾಡಿದೆ. ಹಿಂದಿನದು ಗಟ್ಟಿಯಾಗಿ ಅಂಟಿತ್ತು, ಉಗುರು ಮುರಿಯಿತು, ಬಿಟ್ಟೆ. ಹೊಸ ಟೈರು ಹಾಕಿ ಗಾಳಿ ತುಂಬಿದೆ. ನಿಜ ಹೇಳುತ್ತೇನೆ, ನೋಡಲು ಅಂದವಾಗಿತ್ತು.

ಮಧ್ಯಾಹ್ನ ಕೊಂಬಿನ ಹ್ಯಾಂಡಲ್ಲು ಬಿಗಿದೆ. ಪರೀಕ್ಷೆ ಮಾಡದೆ ಹೆಂಡತಿಗೆ ಕೊಡುವುದು ಧರ್ಮವೇ? ಬೀದಿಗಿಳಿಸಿ ಹತ್ತಿದೆ. ವಿಡಿಯೋದಲ್ಲಿ ನೋಡಿದಂತೆ ಮೊಣಕೈ ಊರಿ ಮೂಗನ್ನು ಮುಂದಕ್ಕೆ ಚಾಚಿ ಮಲಗಿದೆ. ಹತ್ತು ಮಾರು ನಾನು ಬಾಣವೇ! ಹನ್ನೊಂದನೇ ಮಾರಿಗೆ ಕೊಂಬುಗಳು ನನ್ನ ಭಾರಕ್ಕೆ ಶರಣಾಗಿ ಕೆಳಕ್ಕೆ ಬಾಗಿದವು. ಬ್ರೇಕು ಹಿಡಿಯೋಣವೆಂದರೆ ಬ್ರೇಕು ಹಳೆಯ ಹ್ಯಾಂಡಲ್ಲಿನಲ್ಲಿ, ಕೈಗಳು ಹೊಸದರಲ್ಲಿ. ಪಕ್ಕದ ಮನೆಯ ತೆರೆದ ಗೇಟಿನಿಂದ ಒಳನುಗ್ಗಿ, ಒಣಹಾಕಿದ್ದ ಹಾಸಿಗೆ ಹೊದಿಕೆಯನ್ನು ಮೈತುಂಬ ಸುತ್ತಿಕೊಂಡು, ಅವರ ಹೂಕುಂಡಗಳ ನಡುವೆ ನಿಂತೆ.

ಪಕ್ಕದ ಮನೆಯವರು ನಿವೃತ್ತ ಗಣಿತ ಮೇಷ್ಟ್ರು. ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಯಾರಿದು?"

"ನಾನೇ ಸಾರ್."

"ಸಂತೋಷ. ಹೊದಿಕೆ ಇನ್ನೂ ಒಣಗಿಲ್ಲ, ಸಂಜೆ ಬಂದಿದ್ರೆ ಚೆನ್ನಾಗಿತ್ತು."

ಸಂಜೆ ಹೆಂಡತಿ ಬಂದಳು. ನನ್ನ ಮೊಣಕೈಯ ಗೀರನ್ನು ನೋಡಿದಳು, ಕೊಂಬುಗಳನ್ನು ನೋಡಿದಳು, ಕೈಚೀಲವನ್ನು ಧೊಪ್ಪನೆ ಕೆಳಗಿಟ್ಟಳು. ವಾತಾವರಣ ತಿಳಿಗೊಳಿಸಲು ಬೂಟಿನ ಡಬ್ಬಿ ತೆರೆದೆ. ಅವಳು ಕಾಲು ಹಾಕಿದಳು. ಇನ್ನೊಂದು ಕಾಲನ್ನೂ ಅದರಲ್ಲೇ ಹಾಕಬಹುದಿತ್ತು!

"ಅಳತೆ ಎಲ್ಲಿಂದ ತಗೊಂಡ್ರಿ?"

"ಬಾಗಿಲ ಹತ್ತಿರ ಇದ್ದ ನಿನ್ನ ನೀಲಿ ಚಪ್ಪಲಿಯಿಂದ."

"ಅದು ಅಮ್ಮನ್ದು."

ಅತ್ತೆ ಪತ್ರಿಕೆ ಮಡಿಸಿಟ್ಟು ಎದ್ದು ಬಂದು ಬೂಟು ತೊಟ್ಟರು. ಅಳತೆ ಮಾಡಿಸಿದಂತೆ ಕೂತಿತು! ಟಕ್ ಟಕ್ ಎಂದು ನಡುಮನೆಯ ಉದ್ದಕ್ಕೂ ನಡೆದರು. "ಇಪ್ಪತ್ತು ವರ್ಷದಲ್ಲಿ ಅಳಿಯಂದ್ರು ನನಗೆ ಅಂತ ತಂದ ಮೊದಲನೇ ವಸ್ತು," ಎಂದು ಕಣ್ಣೊರೆಸಿಕೊಂಡರು. ವಾಪಸ್ ಕೇಳುವ ಧೈರ್ಯ ನಿಮಗಿದ್ದರೆ ನೀವೇ ಬಂದು ಕೇಳಿ.

ಗುರುವಾರ. ಬೂಟಿಲ್ಲದಿದ್ದರೇನು, ಪೆಡಲ್ಲಾದರೂ ಹಾಕಿಬಿಡೋಣ, ಬೂಟನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಹೊರಟೆ. ಬಲಗಡೆಯ ಪೆಡಲ್ಲು ವಿಧೇಯ ವಿದ್ಯಾರ್ಥಿಯಂತೆ ಬಿಚ್ಚಿಕೊಂಡಿತು. ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. ತಿರುಪು ಬಿಚ್ಚುವ ಅದೇ ಪಾನಾ, ಅದೇ ದಿಕ್ಕು, ಅದೇ ನಾನು! ಕೈಯಲ್ಲಿ ಆಗಲಿಲ್ಲ, ಕಾಲಲ್ಲಿ ಒದ್ದೆ. ಆಗಲಿಲ್ಲ. ಹಿತ್ತಲಿನಿಂದ ಹಳೆಯ ನಲ್ಲಿಯ ಕಬ್ಬಿಣದ ಪೈಪು ತಂದು ಪಾನಾಕ್ಕೆ ಸಿಕ್ಕಿಸಿ, ಅದರ ತುದಿಯ ಮೇಲೆ ನನ್ನ ಸಮಸ್ತ ಭಾರವನ್ನೂ ಹೇರಿದೆ. 'ಕ್ರ್ಯಾಕ್' ಎಂದಿತು. ಗೆದ್ದೆ ಎಂದುಕೊಂಡೆ. ಪೆಡಲ್ಲು ಬೀಳಲಿರುವ ಹಲ್ಲಿನಂತೆ ಲೊಡಲೊಡ ಅಲ್ಲಾಡುತ್ತಿತ್ತು, ಈಚೆಗೂ ಬಾರದು, ಒಳಗೂ ಕೂರದು. ಪೈಪು ಜಾರಿ ಚೈನಿನ ಎಣ್ಣೆಯ ಬಾಟಲಿಗೆ ಬಡಿದು, ಎಣ್ಣೆ ಬಿಳಿ ಗೋಡೆಯ ಮೇಲೆ ಯಾವುದೋ ಖಂಡದ ನಕ್ಷೆ ಬರೆಯಿತು.

"ಯಾವ ದೇಶ ಅಳಿಯಂದ್ರೇ ಅದು?" ಎಂದು ಅತ್ತೆ ಟಕ್ ಟಕ್ ಬಂದು ಕೇಳಿದರು.

ಹೆಂಡತಿ ಬಂದಾಗ ನಾನು ಗೋಡೆ ಒರೆಸುತ್ತಿದ್ದೆ. ಅವಳು ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಆ ಪೆಡಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಮುಖ ಸಣ್ಣಗಾಯಿತು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

"ಒಂದು ವರ್ಷ ಬೆಳಿಗ್ಗೆ ಐದಕ್ಕೆ ಎದ್ದಿದ್ದೀನಿ ರೀ," ಎಂದಳು ಮೆಲ್ಲಗೆ. "ನಾನು ಯಾರಿಗೋ ಸೂಜಿ ಚುಚ್ಚುತ್ತಿರುವಾಗ ನೀವು ಬಂದು, ತಾಳು, ಈ ಸೂಜಿಯನ್ನ ಸುಧಾರಿಸ್ತೀನಿ ಅಂದ್ರೆ ಹೇಗಿರತ್ತೆ ಹೇಳಿ?"

ಒರೆಸುವ ಬಟ್ಟೆಯನ್ನು ಕೆಳಗಿಟ್ಟೆ. ನಾನು ಅವಳ ಮೇಲಿನ ಹೆಮ್ಮೆಯಿಂದ ಹೊರಟದ್ದು ನಿಜ. ಆದರೆ ಆ ಸೈಕಲ್ಲಿನ ಒಂದೊಂದು ತಿರುಪನ್ನೂ ಅವಳು ತುಳಿದು ತುಳಿದು ಪಳಗಿಸಿದ್ದಳು ಎಂಬುದು ನನ್ನ ವಿಡಿಯೋಗಳಲ್ಲಿ ಇರಲಿಲ್ಲ.

ಶುಕ್ರವಾರ ಇಬ್ಬರೂ ಸೈಕಲ್ಲನ್ನು ತಳ್ಳಿಕೊಂಡು ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರನ್ನು ಎಲ್ಲರೂ ಕರೆಯುವುದು ಪಾನಾ ತಾತ ಎಂದೇ. ಅವರ ಕೈಯಲ್ಲಿ ಪಾನಾ ಇಲ್ಲದ್ದನ್ನು ಕಂಡವರಿಲ್ಲ. ತಾತ ಒಮ್ಮೆ ಸೈಕಲ್ಲನ್ನೂ ಒಮ್ಮೆ ನನ್ನನ್ನೂ ನೋಡಿ, ರೋಗ ಯಾವುದು ರೋಗಕಾರಣ ಯಾವುದು ಎಂದು ಗುರುತಿಸಿಬಿಟ್ಟರು.

"ಎಡಗಡೆ ಪೆಡಲ್ಲಿನ ತಿರುಪು ಉಲ್ಟಾ ಇರತ್ತೆ ಸಾರ್. ನೀವು ಬಿಚ್ಚುತ್ತಾ ಇದ್ದೀನಿ ಅಂದ್ಕೊಂಡು ಇಡೀ ದಿನ ಬಿಗಿ ಮಾಡಿದ್ದೀರಿ."

ಎಡದಲ್ಲೇ ಎಡವಟ್ಟು ಎಂಬುದು ಆಗ ತಿಳಿಯಿತು!

"ತಾತಾ, ಭಾನುವಾರ ಬೆಳಿಗ್ಗೆ ಏಳಕ್ಕೆ ರೇಸು," ಎಂದಳು ಹೆಂಡತಿ.

"ಅದಕ್ಕೇನಮ್ಮ, ಕೂತ್ಕೋ." ತಾತ ಯಾವುದೋ ಹಳೆಯ ಸೈಕಲ್ಲಿನಿಂದ ಪೆಡಲ್ಲು ಹಿಡಿಯುವ ತೋಳನ್ನು ಬಿಚ್ಚಿ ತಂದು ಕೂರಿಸಿದರು. ಸೈಕಲ್ಲು ಕಪ್ಪು, ಆ ತೋಳು ಬೆಳ್ಳಿಬಣ್ಣ. ಅವಳ ಹಳೆಯ ಪೆಡಲ್ಲುಗಳ ಜೋಡಿ ತಾತನ ಕೈಯಲ್ಲಿ ಮೂರೇ ಸುತ್ತಿನಲ್ಲಿ ಕೂತಿತು. ಕೊಂಬಿನ ಹ್ಯಾಂಡಲ್ಲನ್ನು ಕಳಚಿ ನನ್ನ ಕೈಗಿತ್ತು, "ಇದರ ಮೇಲೆ ಮಲಗೋಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಸ್ಪರ್ಧೆಯ ದಿನ ಹೊಸದು ಏನೂ ಇರಬಾರದು ಸಾರ್. ಚಕ್ರದ ಒಳಗೆ ಏನಾದ್ರೂ ಕೈ ಹಾಕಿದ್ದೀರಾ?" ಎಂದರು.

ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳ ತುಟಿಯಲ್ಲಿ ನಗು ಮೂಡಿತ್ತು.

"ಇಲ್ಲ," ಎಂದೆ.

ಅದೊಂದು ಪದ. ಎರಡೇ ಅಕ್ಷರ. ಅದನ್ನು ತಿದ್ದುವ ಕೆಂಪು ಶಾಯಿ ನನ್ನಲ್ಲಿ ಇರಲಿಲ್ಲ.

ಭಾನುವಾರ ಏಳಕ್ಕೆ ಸೀಟಿ ಊದಿದರು. ನನ್ನ ಹೆಂಡತಿ ಹಳದಿ ಟೋಪಿಗಳ ಗುಂಪಿನೊಂದಿಗೆ ಕೆರೆಗೆ ಧುಮುಕಿದಳು. ಎದ್ದು ಬಂದಾಗ ಅವಳ ಹಿಂದೆ ಇನ್ನೂ ಎಷ್ಟೋ ಹಳದಿ ಟೋಪಿಗಳು ನೀರಲ್ಲಿದ್ದವು. ಸೈಕಲ್ ಹತ್ತಿ ಮಾಯವಾದಳು. ನಿಯಮ ಕಟ್ಟುನಿಟ್ಟು: ಎಂಟೂವರೆಯೊಳಗೆ ಸೈಕಲ್ ಮುಗಿಸದವರನ್ನು ಓಟಕ್ಕೆ ಬಿಡುವುದಿಲ್ಲ. ಇನ್ನೊಂದು ನಿಯಮ: ಹೊರಗಿನವರು ಸಹಾಯ ಮಾಡಿದರೆ ಸ್ಪರ್ಧಿ ಹೊರಕ್ಕೆ.

ಹದಿನಾಲ್ಕನೇ ಕಿಲೋಮೀಟರಿನ ತಿರುವಿನಲ್ಲಿ ನಾನು ನಿಂತಿದ್ದೆ. ಎಂಟು ಗಂಟೆಯ ಹೊತ್ತಿಗೆ ದೂರದಲ್ಲಿ ಆ ಬೆಳ್ಳಿಯ ತೋಳು ಮಿನುಗಿತು. "ಬಂದಳು!" ಎಂದು ಕುಣಿದೆ. ನನಗೂ ಅವಳಿಗೂ ಹತ್ತು ಹೆಜ್ಜೆ ಇರುವಾಗ 'ಢಬ್' ಎಂದು ಮುಂದಿನ ಟೈರು ಕುಸಿಯಿತು.

ನಾನು ಧಾವಿಸಿದೆ. ಕೈಯಲ್ಲಿ ಬಾವುಟ ಹಿಡಿದ ಸ್ವಯಂಸೇವಕಿ ಅಡ್ಡ ಬಂದಳು. "ಮುಟ್ಟಬೇಡಿ ಸಾರ್! ಮುಟ್ಟಿದ್ರೆ ಅವರು ಔಟ್!"

ಹೆಂಡತಿ ಆಗಲೇ ಚಕ್ರ ಬಿಚ್ಚಿದ್ದಳು. ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬು ಎಳೆದು, ಬಳೆಯೊಳಗೆ ಬೆರಳಾಡಿಸಿದಳು. ಕಡ್ಡಿಗಳ ಮೊನೆಗಳು ಅಲ್ಲಿ ಸಾಲಾಗಿ ಬಾಯಿ ತೆರೆದಿದ್ದವು. ಆ ಬಟ್ಟೆಯ ಪಟ್ಟಿ ಅಲಂಕಾರವಾಗಿರಲಿಲ್ಲ, ಟ್ಯೂಬಿನ ಕವಚ!

"ಅದನ್ನ ತೆಗೆದಿದ್ದು ನಾನೇ!" ಎಂದು ರಸ್ತೆಯಾಚೆಯಿಂದ ಕಿರುಚಿದೆ. "ಮುಂದಿನದು ಮಾತ್ರ! ಹಿಂದಿನದು ಬರ್ಲಿಲ್ಲ!"

"ಗೊತ್ತಾಯ್ತು. ಸುಮ್ನೆ ನಿಂತ್ಕೊಳ್ಳಿ."

ಹೊಸ ಟ್ಯೂಬು ಅವಳ ಬಳಿ ಇತ್ತು. ಆದರೆ ಆ ಮೊನೆಗಳ ಮೇಲೆ ಅದನ್ನು ಕೂರಿಸಿದರೆ ಅದಕ್ಕೂ ಅದೇ ಗತಿ. ಒಂದು ಕ್ಷಣ ಅವಳ ಕೈ ನಿಂತಿತು. ಆಮೇಲೆ ಸೀಟಿನ ಕೆಳಗಿನ ಪುಟ್ಟ ಚೀಲಕ್ಕೆ ಬೆರಳು ಹಾಕಿ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸುವ ಬಟ್ಟೆಯ ಪ್ಲಾಸ್ಟರಿನ ಸುರುಳಿಯನ್ನು ತೆಗೆದಳು. ಹಲ್ಲಿನಿಂದ ತುದಿ ಕಚ್ಚಿ ಎಳೆದು, ಬಳೆಯ ಒಳಸುತ್ತಿಗೆ ಒಂದು ಸುತ್ತು, ಎರಡು ಸುತ್ತು, ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು. ಎಷ್ಟೋ ಜನ ಅವಳನ್ನು ದಾಟಿ ಹೋದರು. ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. ಹೆದರಿದ ಮಗುವಿನ ಕೈಯಲ್ಲಿ ನರ ಹುಡುಕುವಾಗ ಅವಳ ಮುಖ ಹೇಗಿರುತ್ತದೆಂದು ನಾನು ಅಂದು ಮೊದಲ ಬಾರಿಗೆ ನೋಡಿದೆ. ನಾನು ಪಂಕ್ಚುಯೇಷನ್ ನೋಡಿಕೊಂಡು ಬದುಕಿದವನು. ಪಂಕ್ಚರನ್ನು ಹೀಗೂ ನಿಭಾಯಿಸಬಹುದು ಎಂದು ತಿಳಿದಿರಲಿಲ್ಲ.

ಗಾಳಿ ತುಂಬಿ, ಚಕ್ರ ಸಿಕ್ಕಿಸಿ, ಹತ್ತಿ ಹೊರಟಳು. ಆಗ ಎಂಟು ಗಂಟೆ ಹದಿಮೂರು ನಿಮಿಷ.

ನಾನು ಅಡ್ಡದಾರಿ ಹಿಡಿದು ಓಡಿದೆ. ಹೌದು, ನಾನು, ಓಡಿದೆ! ಸೈಕಲ್ ಮುಗಿಯುವ ಗೆರೆಯ ಬಳಿ ಗಡಿಯಾರ ಎಂಟು ಇಪ್ಪತ್ತೆಂಟು ತೋರಿಸುತ್ತಿತ್ತು. ಅಧಿಕಾರಿ ದಾರಿಗೆ ಅಡ್ಡ ಕಟ್ಟಲು ಹಗ್ಗ ಕೈಗೆತ್ತಿಕೊಂಡಿದ್ದರು. ನಾನು ಅವರನ್ನು ಮಾತಿಗೆಳೆದು ತಡೆಯೋಣವೆಂದು ಬಾಯಿ ತೆರೆದರೆ ಉಸಿರೇ ಇಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಅವಳು ಕಂಡಳು, ಹ್ಯಾಂಡಲ್ಲಿನ ಮೇಲೆ ಬಾಗಿ, ಹಲ್ಲುಕಚ್ಚಿ. ಎಂಟು ಇಪ್ಪತ್ತೊಂಬತ್ತಕ್ಕೆ ಸೈಕಲ್ಲಿಂದ ಇಳಿದಳು, ಅದನ್ನು ಒರಗಿಸಿದಳು, ನನ್ನತ್ತ ನೋಡದೆ ಓಡಿದಳು. ಮುಂದಿನ ಐದು ಕಿಲೋಮೀಟರಿನಲ್ಲಿ, ಪ್ಲಾಸ್ಟರು ಸುತ್ತುವಾಗ ದಾಟಿ ಹೋದವರಲ್ಲಿ ಹದಿನೇಳು ಜನರನ್ನು ಹಿಂದೆ ಹಾಕಿದಳು. ಅವಳ ನಂತರ ಗೆರೆ ದಾಟಿದವರನ್ನು ನಾನೇ ಎಣಿಸಿದೆ, ಒಂದಕ್ಷರವೂ ತಪ್ಪದಂತೆ ನೋಡುವುದೇ ನನ್ನ ಕೆಲಸ.

ಕೊನೆಯ ಗೆರೆ ದಾಟಿದ ಮೇಲೆ ಹುಲ್ಲಿನ ಮೇಲೆ ಚಾಚಿ ಮಲಗಿದಳು. ನಾನು ನೀರಿನ ಬಾಟಲಿ ಹಿಡಿದು ಪಕ್ಕ ಕೂತೆ, ಅವಳಿಗಿಂತ ಹೆಚ್ಚು ಏದುಸಿರು ಬಿಡುತ್ತಾ. ಇಬ್ಬರ ಕೈಗೂ ಎಣ್ಣೆಯ ಮಸಿ. ಅವಳದು ದುಡಿಮೆಯದು, ನನ್ನದು ಗುರುವಾರದ್ದು, ತೊಳೆದರೂ ಹೋಗದ್ದು. ಏನು ಹೇಳಬೇಕೆಂದು ತಿಳಿಯದೆ, "ನಿನ್ನಂಥವಳು ಇನ್ನೊಬ್ಬಳಿಲ್ಲ ಕಣೆ," ಎಂದೆ. ಅದೊಂದನ್ನು ಮಾತ್ರ ತಿದ್ದಬೇಕಾಗಿಲ್ಲ.

ಪದಕಗಳ ಬುಟ್ಟಿ ಹಿಡಿದು ಬಂದ ಹೆಂಗಸು ಅವಳ ಕೊರಳಿಗೊಂದು ಹಾಕಿ, ಬೆವರಿನಲ್ಲಿ ಮಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇನ್ನೊಂದನ್ನು ಕೈಗೆತ್ತಿಕೊಂಡಳು. "ನೀವೂ ಮೂರೂ ಮುಗಿಸಿದ್ರಾ ಸಾರ್? ಈಜು, ಸೈಕಲ್ಲು, ಓಟ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಮೂರು ಇದ್ದಿದ್ದು ಬೇರೆಯವರಿಗಮ್ಮ. ನನಗೆ ನಾಲ್ಕಿತ್ತು. ನಾಲ್ಕನೇದು ಇವರು!"