ಅಮಾನುಲ್ಲಾ ಸಾಯದ ಎಪಿಸೋಡು

ಅಮಾನುಲ್ಲಾನಿಗೆ ಕೊನೆಗೂ ಬದುಕಿರುವವನ ಪಾತ್ರ ಸಿಕ್ಕಿತ್ತು. ದಾವಣಗೆರೆಯಿಂದ ಬಂದು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಈ ನಟ ಇಷ್ಟು ವರ್ಷ ಬ್ರಿಟಿಷ್ ಟಿವಿಯಲ್ಲಿ ಮಾಡಿದ್ದೆಲ್ಲ ಹೆಣದ ಪಾರ್ಟು. ಪೊಲೀಸ್ ಧಾರಾವಾಹಿಯಲ್ಲಿ ಕಾಲುವೆಯಲ್ಲಿ ತೇಲಿದ್ದ. ಒಂದು ಸಿನಿಮಾದಲ್ಲಿ ಕಾರಿನ ಡಿಕ್ಕಿಯೊಳಗೆ ಮಡಚಿಕೊಂಡು ಬಿದ್ದಿದ್ದ. ಸುಳ್ಳೆಂದು ಗೊತ್ತಿದ್ದೂ ಹೆಂಡತಿ ಶಹರ್ಬಾನು ಪ್ರತಿ ಸಲ ಅಳುತ್ತಿದ್ದಳು. ಈ ಸಲ ಮಾತಾಡಿ ಬಂದರೆ ಶಾವಿಗೆ ಪಾಯಸ, ಸತ್ತರೆ ಮನೆಗೇ ಬರಬೇಡಿ ಎಂದು ಹೇಳಿ ಕಳಿಸಿದ್ದಳು.

ಪಾತ್ರ ಆಸ್ಪತ್ರೆಯ ರೋಗಿಯದು. ಇರುವುದು ಒಂದೇ ಮಾತು: ಡಾಕ್ಟರೇ, ನಾಳೆ ಮನೆಗೆ ಹೋಗಬಹುದಾ?

"ಆಸ್ಪತ್ರೆ ಡ್ಯೂಟಿ ರೋಟಾದಲ್ಲಿ ಇವತ್ತು ನಂಗೆ ರಜ. ಸಾಲ್ಫರ್ಡ್ ಸ್ಟುಡಿಯೋಗೆ ನಾನೇ ಬಿಡ್ತೀನಿ, ಹತ್ತಿ" ಎಂದು ಪಕ್ಕದ ಮನೆಯ ಡಾಕ್ಟರ್ ಅಚ್ಯುತ ಕಾರು ತಂದು ನಿಲ್ಲಿಸಿದರು.

"ಸ್ಟುಡಿಯೋದಲ್ಲಿ ಏನೂ ಮಾತಾಡ್ಬೇಡಿ ಡಾಕ್ಟ್ರೇ."

"ಛೇ, ನಾನ್ಯಾಕ್ರೀ ಮಾತಾಡ್ಲಿ?"

ಆದರೆ ಮದುವೆಮನೆಯಲ್ಲಿ ಯಾರೂ ಹೇಳದೆ ಸಾರಿನ ಬಕೆಟ್ ಹಿಡಿದು ಬಡಿಸುವ ನೆಂಟನ ಹಾಗೆ, ಅಚ್ಯುತ ಸೆಟ್ಟಿಗೆ ಕಾಲಿಟ್ಟವರೇ ಡ್ರಿಪ್ ಸರಿಮಾಡಿದರು. ಆಮೇಲೆ ರೋಗಿಗೆ ಏನು ಕಾಯಿಲೆ ಎಂದು ನಿರ್ದೇಶಕಿಯನ್ನು ಕೇಳಿದರು. ಮೆದುಳಿನಲ್ಲಿ ರಕ್ತಸ್ರಾವ ಎಂದಳು ಆಕೆ. ಹಾಗಿದ್ದರೆ ಈತ ಬಾಯಿ ಬಿಡುವ ಸ್ಥಿತಿಯಲ್ಲೇ ಇರುವುದಿಲ್ಲ ಎಂದರು ಅಚ್ಯುತ. ನಿರ್ದೇಶಕಿಗೆ ಖುಷಿಯಾಯಿತು. ಅಮಾನುಲ್ಲಾನ ಮಾತು ಹೋಯಿತು.

"ಡಾಕ್ಟ್ರೇ, ಇದ್ದಿದ್ದೇ ಒಂದು ಮಾತು! ಬೇರೆ ಕಾಯಿಲೆ ಕೊಡ್ಸಿ! ಕಾಲಾದ್ರೂ ಮುರೀಲಿ!"

"ಸುಮ್ನೆ ಮಲ್ಕೊಳ್ಳಿ. ನನ್ನ ಕಲೀಗ್ಸ್ ಎಲ್ಲ ನೋಡ್ತಾರೆ, ತಪ್ಪಾಗ್ಬಾರ್ದು. ಆ ಮಾನಿಟರ್ ನೋಡಿ, ಈ ರೀಡಿಂಗ್‌ಗೆ ನೀವು ಬೆಳಿಗ್ಗೆನೇ ಹೋಗಿರ್ಬೇಕಿತ್ತು!"

ಅದನ್ನೂ ಅವರು ನಿರ್ದೇಶಕಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಬಿಳಿ ಬಟ್ಟೆ ಬಂತು. ಡಾಕ್ಟರ್ ಪಾತ್ರದವನಿಗಿಂತ ಇವರೇ ವಾಸಿ ಎಂದು ನಿರ್ದೇಶಕಿ ಅಚ್ಯುತರ ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಸಿದಳು. ಅಮಾನುಲ್ಲಾನ ಮುಖಕ್ಕೆ ಬಟ್ಟೆ ಎಳೆದು, ಇವರು ತೀರಿಕೊಂಡರು ಎಂದು ಅಚ್ಯುತ ಒಂದೇ ಟೇಕಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಟ್ಟೆಯ ಕೆಳಗೆ ಅಮಾನುಲ್ಲಾನಿಗೆ ನಿಜವಾಗಿಯೂ ಅಳು ಬಂತು.

ಆಗ ಅಚ್ಯುತರ ಫೋನ್ ಬಡಿದುಕೊಂಡಿತು. ಶಹರ್ಬಾನು.

"ಡಾಕ್ಟ್ರೇ, ನಮ್ಮನೆಯವ್ರು ಮಾತಾಡಿದ್ರಾ?"

ಅಚ್ಯುತ ಇನ್ನೂ ಪಾತ್ರದಿಂದ ಇಳಿದಿರಲಿಲ್ಲ. ದನಿ ತಗ್ಗಿಸಿದರು. "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ. ಉಳಿಸ್ಕೊಳ್ಳೋಕಾಗ್ಲಿಲ್ಲ."

"ಮತ್ತೆ ಸತ್ರಾ? ಹಾಗಾದ್ರೆ ಮಾತಾಡಿದ್ದು ಯಾರು?"

"ನಾನೇ."

ಹೆಣ ಬಟ್ಟೆ ಕಿತ್ತೆಸೆದು ಎದ್ದು ಕೂತು ಫೋನಿಗೆ ಕೈಚಾಚಿತು. ಅಷ್ಟರಲ್ಲಿ ಶಹರ್ಬಾನು ಹೇಳಿಯಾಗಿತ್ತು:

"ಪಾಯಸ ಬಿಸಿ ಇದೆ ಡಾಕ್ಟ್ರೇ. ನೀವೊಬ್ರೇ ಬನ್ನಿ."