ಗುಡಿಸಬಾರದ ಅಂಗಳ

ಸನೋಬರ್: ಗುಡಿಸಬಾರದು ಅಂದ್ರೆ ಏನಪ್ಪಾ ಅರ್ಥ? ಅಂಗಳ ಇರೋದೇ ಗುಡಿಸೋಕೆ.

ದಿಲ್ಮುರಾದ್: ಗುಡಿಸಿದ ಅಂಗಳ ಸತ್ತ ಅಂಗಳ, ಅಮ್ಮಾ. ಎಲೆ ಬೀಳ್ಬೇಕು, ಬಿದ್ದಲ್ಲೇ ಕೊಳೀಬೇಕು. ಅದೇ ನನ್ನ ಶೈಲಿ.

ಸನೋಬರ್: ಅದು ಶೈಲಿ ಆದ್ರೆ ನನ್ನ ಗಂಡ ನಿನಗಿಂತ ದೊಡ್ಡ ಕಲಾವಿದ. ಬಿಚ್ಚಿದ ಬಟ್ಟೆ ಬಿದ್ದಲ್ಲೇ ಬಿಡ್ತಾರೆ.

ಬಸ್ ಮೆಕ್ಯಾನಿಕ್ ಎರ್ಗಾಶನ ಮನೆಗೆ ತೋಟ ವಿನ್ಯಾಸ ಮಾಡುವ ಹುಡುಗ ದಿಲ್ಮುರಾದ್ ಬಂದಿದ್ದಾನೆಂದು ತಿಳಿದು, ಜರಡಿ ಹಿಂದಿರುಗಿಸುವ ನೆಪದಲ್ಲಿ ಪಕ್ಕದ ಮನೆಯ ನಾನೂ ಹೋಗಿ ದ್ರಾಕ್ಷಿ ಚಪ್ಪರದ ಕೆಳಗಿನ ಮಂಚದ ತುದಿಯಲ್ಲಿ ಕೂತಿದ್ದೆ. ಜರಡಿ ನನ್ನದೇ, ಆದರೆ ಅದನ್ನು ಕೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗಿತ್ತು? ಕೊಕಂದ ಊರಿನ ಷಡ್ಡಕ ಹೊಸ ಮಾದರಿಯ ಅಂಗಳ ಮಾಡಿಸಿದಾಗಿನಿಂದ ಎರ್ಗಾಶನಿಗೆ ನಿದ್ದೆಯಿಲ್ಲ. ಅವನ ಹೆಂಡತಿ ಸನೋಬರಳ ಚಿಂತೆ ಬೇರೆ. ಬರುವ ಗುರುವಾರ ಮಗಳು ಮುಅತ್ತರಳನ್ನು ಕೇಳಲು ಯಾರೋ ಹೆಂಗಸರು ಬರುವವರಿದ್ದರು. ನಮ್ಮ ಮರ್ಗಿಲಾನ್ ಊರಲ್ಲಿ ಹೆಣ್ಣು ಕೇಳಲು ಬಂದವರು ಹುಡುಗಿಯ ಮುಖವನ್ನು ಆಮೇಲೆ ನೋಡುತ್ತಾರೆ, ಮೊದಲು ನೋಡುವುದು ನೆಲವನ್ನು. ಕಸ ಕಂಡರೆ ಹೊಸ್ತಿಲಿಂದಲೇ ವಾಪಸು.

ಎರ್ಗಾಶ್: ನೀನು ಸ್ವಲ್ಪ ಸುಮ್ನಿರು ಮಾರಾಯ್ತಿ. ಹೇಳಪ್ಪಾ, ಇದೆಲ್ಲ ನಿನಗೆ ಎಲ್ಲಿಂದ ಹೊಳೀತು?

ದಿಲ್ಮುರಾದ್: ಮರಳುಗಾಡಿಂದ. ಅಲ್ಲಿ ಒಂದು ಇಡೀ ಬೇಸಿಗೆ ಒಬ್ಬನೇ ಇದ್ದೆ. ಖಾಲಿತನ ಅಂದ್ರೇನು ಅಂತ ಅಲ್ಲಿ ಕಲಿತೆ.

ಸನೋಬರ್: ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮನೆಯವರ ತಲೆ ಇಲ್ಲೇ ಇತ್ತಲ್ಲ.

ದಿಲ್ಮುರಾದ್: ಆದ್ರೆ ಎಲ್ಲದಕ್ಕೂ ಬೇರು ನನ್ನ ಅಜ್ಜಿಯ ಅಂಗಳ.

ಸನೋಬರಳ ಮುಖ ಮೆತ್ತಗಾಯಿತು. ಹುಡುಗನ ಮುಂದೆ ರೊಟ್ಟಿ ಮುರಿದಿಟ್ಟಳು.

ಸನೋಬರ್: ಈಗ ಸರಿಯಾಗಿ ಮಾತಾಡಿದೆ. ಏನೇನಿತ್ತಪ್ಪಾ ಅಲ್ಲಿ?

ದಿಲ್ಮುರಾದ್: ದ್ರಾಕ್ಷಿ ಚಪ್ಪರ. ಕೆಳಗೆ ಮಂಚ. ಕಾಲುವೆ ಪಕ್ಕ ಕಾಮಕಸ್ತೂರಿ, ಮೂಲೇಲಿ ರೊಟ್ಟಿ ಒಲೆ. ಸಂಜೆ ಅಜ್ಜಿ ನೀರು ಚಿಮುಕಿಸಿ ಗುಡಿಸಿದ್ರೆ ಮಣ್ಣಿನ ವಾಸನೆ ಏಳ್ತಿತ್ತು. ನೆನೆಸ್ಕೊಂಡ್ರೆ ಈಗ್ಲೂ ಕಣ್ಣು ತುಂಬುತ್ತೆ.

ಸನೋಬರ್: ಅಯ್ಯೋ ಮಗನೇ, ಅದೆಲ್ಲಾ ಇಲ್ಲೂ ಇದೆಯಲ್ಲಾ.

ದಿಲ್ಮುರಾದ್: ಇದೆ. ಮೊದಲು ಅದನ್ನ ಕಿತ್ತು ಹಾಕ್ಬೇಕು.

ರೊಟ್ಟಿಯ ತಟ್ಟೆ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು.

ಎರ್ಗಾಶ್: ಎಲ್ಲಾ ಕಿತ್ರೆ ನಿಮ್ಮಜ್ಜಿ ಎಲ್ಲಿ ಉಳೀತಾರಪ್ಪಾ?

ದಿಲ್ಮುರಾದ್: ಇಲ್ಲಿ, ನಕ್ಷೆ ನೋಡಿ. ಒಣಹುಲ್ಲಿನ ಮಧ್ಯೆ ಈ ಕರೀ ಕಲ್ಲು. ಅಜ್ಜಿಯ ಸಾರವೆಲ್ಲ ಇದರಲ್ಲಿದೆ.

ಸನೋಬರ್: ಅಜ್ಜಿ ಇದಾರಾ?

ದಿಲ್ಮುರಾದ್: ಇದಾರೆ. ಈ ಕಲ್ಲನ್ನ ಇನ್ನೂ ನೋಡಿಲ್ಲ.

ಸನೋಬರ್: ಅದಕ್ಕೇ ಇದಾರೆ.

ಎರ್ಗಾಶ್: ಹೋಗ್ಲಿ ಬಿಡೇ. ಬಂದವರು ಕೂರೋದೆಲ್ಲಪ್ಪಾ? ಇಲ್ಲಿ ಒಂದೇ ಕುರ್ಚಿ ಬರೆದಿದೀಯ.

ದಿಲ್ಮುರಾದ್: ಮನುಷ್ಯ ಒಬ್ಬನೇ ಕೂತು ತನ್ನನ್ನ ತಾನು ಭೇಟಿಯಾಗೋ ಜಾಗ ಅದು.

ಎರ್ಗಾಶ್: ನಮ್ಮ ಓಣೀಲಿ ಒಬ್ಬನೇ ಕೂತ್ರೆ ಯಾರು ತೀರ್ಕೊಂಡ್ರು ಅಂತ ಕೇಳ್ಕೊಂಡು ಬರ್ತಾರೆ.

ಆ ಮಾತು ನಿಜ. ನಾನೇ ಎಷ್ಟೋ ಸಲ ಹಾಗೆ ಹೋಗಿದ್ದೇನೆ.

ಸನೋಬರ್: ಈ ಊರಲ್ಲಿ ಇನ್ಯಾರ ಮನೆ ಕೆಡಿಸಿದೀಯ?

ದಿಲ್ಮುರಾದ್: ಡಾಕ್ಟರ ಮನೆ, ಗಣಿತದ ಮೇಷ್ಟ್ರ ಮನೆ, ಕಾಲುವೆ ಆಚೆ ಪೂರ್ತಿ ಒಂದು ಬೀದಿ.

ಸನೋಬರ್: ಅಲ್ಲೆಲ್ಲಾ ಮದುವೆ ವಯಸ್ಸಿಗೆ ಬಂದ ಹುಡುಗಿಯರಿದಾರಲ್ಲೋ. ಯಾರಾದ್ರೂ ಕೇಳ್ಕೊಂಡು ಬಂದ್ರಾ?

ದಿಲ್ಮುರಾದ್: ಅದು ನನ್ನ ಕೆಲಸ ಅಲ್ಲಮ್ಮಾ.

ಅಷ್ಟರಲ್ಲಿ ಹುಡುಗನ ಫೋನು ಹೊಡೆದುಕೊಂಡಿತು. ಅವನ ತಾಯಿ. ಆಕೆಯ ಗಂಟಲಿಗೆ ಫೋನಿನ ಅಗತ್ಯವೇ ಇರಲಿಲ್ಲ, ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ತಾಯಿ: ಮಗನೇ, ಡಾಕ್ಟರ ಮನೆಗೆ ನಿನಗೆ ಹೆಣ್ಣು ಕೇಳೋಕೆ ಹೋಗಿದ್ದೆ. ಮೊಣಕಾಲುದ್ದ ಒಣಹುಲ್ಲು, ಕೊಳೆತ ಎಲೆ. ಒಳಗೂ ಹೋಗ್ಲಿಲ್ಲ. ಮೇಷ್ಟ್ರ ಮನೇಲೂ ಅದೇ ಹಾಡು. ಈ ಊರಿನ ಹುಡುಗಿಯರಿಗೆ ಏನು ಬಡ್ಕೊಂಡಿದೆಯೋ ಕಾಣೆ. ಇನ್ನು ಒಂದೇ ಮನೆ ಉಳಿದಿರೋದು. ಬಸ್ ಮೆಕ್ಯಾನಿಕ್ ಎರ್ಗಾಶ್ ಅಂತೆ. ಅವರ ಮಗಳು ಬೆಳಗಿನ ಜಾವ ಎದ್ದು ಬೀದಿವರೆಗೂ ಗುಡಿಸ್ತಾಳಂತೆ. ಗುರುವಾರ ಹೋಗ್ತೀನಿ. ಅದೂ ತಪ್ಪಿದ್ರೆ ನೀನು ಬ್ರಹ್ಮಚಾರಿನೇ.

ದಿಲ್ಮುರಾದ್ ಫೋನನ್ನು ಜೇಬಿಗಿಟ್ಟ. ನಕ್ಷೆಯನ್ನು ಬಹಳ ಹೊತ್ತು ಸುತ್ತಿದ. ಯಾರೂ ಅವನಿಗೆ ಸಹಾಯ ಮಾಡಲಿಲ್ಲ.

ದಿಲ್ಮುರಾದ್: ನೋಡಿದ್ರೆ... ಈ ಅಂಗಳಕ್ಕೆ ಏನೂ ಮಾಡೋದು ಬೇಡ ಅನ್ಸುತ್ತೆ. ಇದು ಆಗ್ಲೇ ಪೂರ್ಣವಾಗಿದೆ.

ಎರ್ಗಾಶ್: ಮತ್ತೆ ಸತ್ತ ಅಂಗಳ ಅಂದೆ?

ದಿಲ್ಮುರಾದ್: ಬದುಕ್ಕೊಳ್ತು.

ಸನೋಬರ್: ಅದಿರ್ಲಿ, ನಾವೂ ಹುಡುಗನ ಮನೆ ವಿಚಾರಿಸ್ಬೇಕಲ್ಲ. ನಿಮ್ಮನೆ ಅಂಗಳದಲ್ಲಿ ಏನಿದೆ? ಕಲ್ಲೋ, ಹುಲ್ಲೋ?

ದಿಲ್ಮುರಾದ್: ದ್ರಾಕ್ಷಿ ಚಪ್ಪರ, ಮಂಚ, ರೊಟ್ಟಿ ಒಲೆ. ಅಮ್ಮ ಒಂದು ಕಡ್ಡೀನೂ ಮುಟ್ಟೋಕೆ ಬಿಟ್ಟಿಲ್ಲ. ನಿಮ್ಮ ಅಂಗಳದ ಎರಡರಷ್ಟಿದೆ. ಸೊಸೆ ಬಂದು ಗುಡಿಸ್ಲಿ ಅಂತ ಕಾಯ್ತಾ ಇದಾರೆ.

ಸನೋಬರ್ ಸಂತೋಷದಿಂದ ರೊಟ್ಟಿಯ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿದಳು. ಆಗ ಬಾಗಿಲ ಪರದೆ ಸರಿಸಿಕೊಂಡು, ಇಷ್ಟು ಹೊತ್ತೂ ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ಮುಅತ್ತರ್ ಹೊರಗೆ ಬಂದಳು. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವನ ಕಂಕುಳಲ್ಲಿದ್ದ ನಕ್ಷೆಯನ್ನು ನಿಧಾನವಾಗಿ ಎಳೆದು ಬಿಚ್ಚಿದಳು.

ಮುಅತ್ತರ್: ಅಮ್ಮಾ, ನಂಗೆ ಒಪ್ಪಿಗೆ. ಆದ್ರೆ ಇದನ್ನ ಮೊದಲು ಅತ್ತೆ ಮನೆ ಅಂಗಳದಲ್ಲಿ ಮಾಡಿ ಮುಗಿಸ್ಲಿ, ಆಮೇಲೆ ಮದುವೆ.